ಹುಳುವಿಗಿರುವ ಬಿಡುವು ಹುಡುಗನಿಗೆ ಬೇಡವೇ?

ಹೊಂಗನೂರಿನ ಕಡೆ ರೇಷ್ಮೆ ಸಾಕುವ ಮನೆಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಹುಳು ಜ್ವರಕ್ಕೆ ಕೂತಿತೆಂದರೆ ಮನೆಯವರು ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆ. ತಟ್ಟೆಯನ್ನು ಅಲುಗಿಸುವುದಿಲ್ಲ. ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವುದರೊಳಗೆ ಹುಳು ನಾಲ್ಕು ಸಲ ಹೀಗೆ ಕೂರುತ್ತದೆ. ನಾಲ್ಕು ಸಲವೂ ಹಳೆಯ ತೊಗಲನ್ನು ಕಳಚಿ ದೊಡ್ಡದಾಗಿ ಏಳುತ್ತದೆ. ಆ ಹೊತ್ತಿನಲ್ಲಿ ಆತುರಪಟ್ಟರೆ ಬೆಳೆ ಕೆಡುತ್ತದೆಂಬುದನ್ನು ಅಕ್ಷರ ಬಾರದ ತಾಯಿಯೂ ಬಲ್ಲಳು.

ಅಂಥದೇ ಒಂದು ಮನೆಯ ಹುಡುಗನ ವಿಷಯವನ್ನು ಇಂದು ಬರೆಯಬೇಕಾಗಿದೆ. ತಂದೆ ಚನ್ನಪಟ್ಟಣದಲ್ಲಿ ನೂಲು ಬಿಚ್ಚುವ ಕೆಲಸಗಾರ; ತಾಯಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಸಾಕುವವಳು. ಆ ಮನೆತನದಲ್ಲಿ ಕಾಲೇಜಿಗೆ ಕಾಲಿಟ್ಟವನು ಇವನೇ ಮೊದಲಿಗ. ಬೆಳಗಿನ ಬಸ್ಸಿಗೆ ಹೊರಟರೆ, ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು, ಮನೆ ಸೇರುವುದು ರಾತ್ರಿ ಹತ್ತಕ್ಕೆ. ಅನಂತರ ಪುಸ್ತಕ, ಪುಸ್ತಕದ ಮೇಲೆ ಮೊಬೈಲು. ಕಣ್ಣು ಮುಚ್ಚುವಾಗ ಗಂಟೆ ಒಂದೋ ಎರಡೋ. ಐದಕ್ಕೆ ಮತ್ತೆ ಏಳಬೇಕು. ಎರಡನೆಯ ವರ್ಷ ಎರಡು ವಿಷಯಗಳಲ್ಲಿ ನಪಾಸಾದ. ಊಟ ಬಿಟ್ಟ, ಗೆಳೆಯರನ್ನು ಬಿಟ್ಟ, ಕಡೆಗೆ ಮಾತನ್ನೂ ಬಿಟ್ಟ. ತಂದೆ ನಮ್ಮಲ್ಲಿಗೆ ಬಂದು, “ನಾನು ದಿನವೆಲ್ಲ ಬಿಸಿನೀರಿಗೆ ಕೈಯಿಟ್ಟು ದುಡಿಯುತ್ತೇನೆ. ಕೂತು ಓದುವುದಕ್ಕೆ ಇವನಿಗೇನು ಮೈ ಸವೆಯುತ್ತದೆಯೇ?” ಎಂದು ಕೇಳಿದರು.

ಈ ಪ್ರಶ್ನೆಯನ್ನು ಕೇಳಿದ ತಂದೆಯನ್ನು ದೂಷಿಸುವ ಯೋಗ್ಯತೆ ನಮಗಿಲ್ಲ. ನಾವು ಮೇಷ್ಟರಾಗಿದ್ದಾಗ ಇದೇ ಪ್ರಶ್ನೆಯನ್ನು ಕೇಳಿದವರು. ಪಾಠದ ನಡುವೆ ತೂಕಡಿಸಿದ ಒಬ್ಬ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಲ್ಲರೆದುರು ಸೋಮಾರಿ ಎಂದು ಕರೆದಿದ್ದೆವು. ಅವನು ರಾತ್ರಿಯೆಲ್ಲ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದನೆಂಬುದು ನಮಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ಆ ತಪ್ಪಿನ ಋಣವನ್ನು ಇಷ್ಟಾದರೂ ತೀರಿಸೋಣವೆಂದು ಈ ಲೇಖನ.

ಓದುವುದಕ್ಕೆ ಮೈಯೂ ಸವೆಯುತ್ತದೆ, ಮನಸ್ಸೂ ಸವೆಯುತ್ತದೆ. 2022ನೆಯ ಒಂದೇ ವರ್ಷದಲ್ಲಿ ಈ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ಲೆಕ್ಕ ಕೊಟ್ಟಿದೆ. ದಿನಕ್ಕೆ 35ಕ್ಕೂ ಮೇಲಾಯಿತು. ಪರೀಕ್ಷೆಯಲ್ಲಿ ನಪಾಸಾದದ್ದೇ ಕಾರಣವೆಂದು ಆ ವರ್ಷ ದಾಖಲಾದ ಸಾವುಗಳು 2,248. ಅಂದರೆ ಹೆಚ್ಚಿನ ಸಾವುಗಳಿಗೆ ಅಂಕಪಟ್ಟಿಯೊಂದನ್ನೇ ಹೊಣೆ ಮಾಡುವಂತಿಲ್ಲ. ಕಾಯಿಲೆ, ಮನೆಯ ಕಲಹ, ಸಾಲ, ಅವಮಾನ, ಯಾರೂ ಇಲ್ಲವೆಂಬ ಒಂಟಿತನ, ಇವೆಲ್ಲ ಒಂದರ ಮೇಲೊಂದು ಕೂತು ಎಳೆಯ ಹೆಗಲನ್ನು ಮುರಿಯುತ್ತವೆ. ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚಿನವು ತಲೆದೋರುವುದು 25 ವರ್ಷ ತುಂಬುವುದರೊಳಗೇ ಎಂದು ವೈದ್ಯರು ಹೇಳುತ್ತಾರೆ. ಕಾಲೇಜಿನ ವಯಸ್ಸೆಂದರೆ ಅದೇ ವಯಸ್ಸು.

ಮೊದಲು ನಿದ್ರೆಯ ಮಾತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ರೆ ಎಂದು ಕಾರ್ಮಿಕರು ಕೇಳಿದ್ದು ಇಂದು ನಿನ್ನೆಯಲ್ಲ. 1856ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನ ಕಲ್ಲುಕುಟಿಗರು ಅದನ್ನು ಗೆದ್ದರು. 1886ರಲ್ಲಿ ಷಿಕಾಗೋ ಕಾರ್ಮಿಕರು ಅದಕ್ಕಾಗಿ ರಕ್ತ ಸುರಿಸಿದರು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಗಿರಣಿಯಲ್ಲಿ ನಾವು ಹೋರಾಡಿ ಪಡೆದ ಹಕ್ಕನ್ನು ಮನೆಯಲ್ಲಿ ನಮ್ಮ ಮಕ್ಕಳಿಗೆ ಕೊಟ್ಟಿದ್ದೇವೆಯೇ? ಹದಿನೆಂಟು ತುಂಬುವವರೆಗೆ ದಿನಕ್ಕೆ 8ರಿಂದ 10 ಗಂಟೆ, ಅನಂತರ 7ರಿಂದ 9 ಗಂಟೆ ನಿದ್ರೆ ಬೇಕು. ಹಗಲು ಓದಿದ್ದು ತಲೆಯಲ್ಲಿ ನೆಲೆಯೂರುವುದು ಈ ನಿದ್ರೆಯಲ್ಲೇ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿದವನು ಹಗಲಿನ ಗಳಿಕೆಯನ್ನೂ ರಾತ್ರಿ ಕಳೆದುಕೊಂಡಂತೆ. ಆದ್ದರಿಂದ ಮಲಗುವ ಹೊತ್ತು, ಏಳುವ ಹೊತ್ತು ದಿನವೂ ಒಂದೇ ಇರಲಿ. ಮೊಬೈಲು ಹಾಸಿಗೆಯಿಂದ ದೂರವಿರಲಿ. ಈ ನಿಯಮ ಮಗನಿಗೆ ಹೇಗೋ ತಂದೆಗೂ ಹಾಗೆಯೇ ಇರಲಿ.

ಎರಡನೆಯದು ಅನ್ನ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಬರಿಹೊಟ್ಟೆಯಲ್ಲಿ ಹೊರಟು, ಹನ್ನೊಂದಕ್ಕೆ ಟೀ ಬನ್ನು ತಿಂದು ಸಂಜೆಯವರೆಗೆ ತಳ್ಳುವವರು ಎಷ್ಟು ಮಂದಿ! ದುಬಾರಿ ಪುಡಿ, ಡಬ್ಬಿಗಳ ಹಿಂದೆ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಹಾಲಿನಲ್ಲಿಯೂ ಅಷ್ಟಿಲ್ಲ. ಮುದ್ದೆ, ಸೊಪ್ಪಿನ ಸಾರು, ಕಾಳು, ಸಾಧ್ಯವಾದರೆ ಒಂದು ಮೊಟ್ಟೆ, ಇಷ್ಟಿದ್ದರೆ ಬಡವನ ತಟ್ಟೆಯೂ ತುಂಬಿದ ತಟ್ಟೆಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹುಡುಗಿಗೆ ಕಾಲೇಜಿನವರೆಗೆ ಬಸ್ಸು ಪುಕ್ಕಟೆಯಾಯಿತು, ಸಂತೋಷ. ಆದರೆ ರಕ್ತವಿಲ್ಲದ ಮೈಯಲ್ಲಿ ಬಸ್ಸಿಳಿದು ತರಗತಿಯಲ್ಲಿ ಕೂತವಳಿಗೆ ತಲೆಸುತ್ತು, ದಣಿವು, ಮರೆವು. ಇದನ್ನು ನಾವು ದಡ್ಡತನವೆನ್ನುತ್ತೇವೆ! ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ. ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಕಬ್ಬಿಣದ ಮಾತ್ರೆ ನುಂಗಬೇಕು. ಕಕ್ಕಸಿಗೆ ಹೋಗಲಾರದೆ ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರೂ ಇದ್ದಾರೆ. ಅವರಿಗೆ ನೀರು ಕುಡಿಯಿರೆಂದು ಉಪದೇಶ ಮಾಡುವ ಮೊದಲು ಕಾಲೇಜಿನವರು ಕಕ್ಕಸನ್ನು ಶುಚಿ ಮಾಡಿಸಲಿ.

ದಿನಕ್ಕೆ ಅರ್ಧ ಗಂಟೆ ಚುರುಕಾದ ನಡಿಗೆಯೋ ಆಟವೋ ಇರಬೇಕು. ಬೀಡಿ, ಗುಟ್ಕಾ, ಹೆಂಡಗಳಿಂದ ಚಿಂತೆ ಹೋಗುವುದಿಲ್ಲ. ಚಿಂತೆಯ ಜೊತೆಗೆ ಸಾಲವೂ ಸೇರುತ್ತದೆ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮನಸ್ಸಿನ ಮಾತು. ನಪಾಸಾದವನು ನಾಲ್ಕು ದಿನ ಅಳುವುದು ಕಾಯಿಲೆಯಲ್ಲ. ಆದರೆ ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ನಿದ್ರೆ ಊಟ ಕೆಟ್ಟರೆ, ಹಿಂದೆ ಇಷ್ಟವಿದ್ದ ಆಟಪಾಟ ಬೇಡವಾದರೆ, “ನಾನಿದ್ದು ಪ್ರಯೋಜನವೇನು” ಎಂಬ ಮಾತು ಬಂದರೆ, ಅದನ್ನು ನಾಟಕವೆಂದು ತಳ್ಳಿಹಾಕಕೂಡದು. ಧೈರ್ಯವಾಗಿರು ಎಂದು ಬೆನ್ನು ತಟ್ಟಿ ಕಳಿಸಿದರೂ ಸಾಲದು. ಪಕ್ಕದಲ್ಲಿ ಕೂತು, “ಸಾಯಬೇಕೆಂದು ಅನ್ನಿಸುತ್ತಿದೆಯೇ?” ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯ ಬಹಳ ಜನರಿಗಿದೆ. ಅದು ಸುಳ್ಳು ಭಯ. ಕೇಳಿದವರಿದ್ದಾರೆಂಬುದೇ ಎಷ್ಟೋ ಜೀವಗಳನ್ನು ಉಳಿಸಿದೆ. ಹೌದೆಂದರೆ ಅವನನ್ನು ಒಬ್ಬನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆ ಎಂದೊಡನೆ ಜನ ಅಂಜುತ್ತಾರೆ. ನಾಲ್ಕು ಜನ ಹುಚ್ಚನೆಂದಾರು, ನಾಳೆ ಹೆಣ್ಣು ಕೊಡಲಾರರು ಎಂಬ ಅಂಜಿಕೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅಲ್ಲಿಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಜ್ವರ ಕೆಮ್ಮಿಗೆ ಮದ್ದು ಕೊಡುವ ಕಡೆಯಲ್ಲೇ ಮನಸ್ಸಿನ ಕಾಯಿಲೆಗೂ ಮದ್ದು ಕೊಡಬಹುದೆಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕೆಂದು ನಮ್ಮ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನೂ ತಂದಿತು. ಬರುತ್ತಾರೆಯೇ ಇಲ್ಲವೇ ಎಂದು ಹೋಗಿ ಕೇಳುವುದು ನಮ್ಮ ಹಕ್ಕು. ಮನೆಯಲ್ಲಿ ಕೂತು ಮಾತನಾಡುವುದಾದರೆ 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ ಮಾನಸ್ ಸೇವೆ ಹಗಲು ರಾತ್ರಿ ಉಂಟು, ಕನ್ನಡದಲ್ಲಿ ಉಂಟು, ಕಾಸು ಬೇಡ. ಪೊಲೀಸರ ಭಯವೂ ಬೇಡ: ಸಾಯಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ.

ಇಷ್ಟೆಲ್ಲವನ್ನೂ ಹುಡುಗನ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ವಿಶಾಖಪಟ್ಟಣದಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಮೊಕದ್ದಮೆಯಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತ ಸಲಹೆಗಾರನಾದರೂ ಇರಬೇಕು. ಅಂಕ ಕಡಿಮೆ ಬಂತೆಂದು ಎಲ್ಲರೆದುರು ಅವಮಾನಿಸಕೂಡದು. ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ನಮ್ಮ ಮಕ್ಕಳ ಕಾಲೇಜಿನಲ್ಲಿ ಆ ಸಲಹೆಗಾರ ಎಲ್ಲಿ ಕೂರುತ್ತಾನೆ? ಗೋಡೆಯ ಮೇಲೆ ಆ ಸಂಖ್ಯೆ ಇದೆಯೇ? ಒಬ್ಬೊಬ್ಬರೇ ಹೋಗಿ ಕೇಳಿದರೆ ಗುಮಾಸ್ತ ಹಿಂದಕ್ಕೆ ಕಳಿಸಿಯಾನು. ಹತ್ತು ತಂದೆತಾಯಿ ಕೂಡಿ ಹೋದರೆ ಪ್ರಿನ್ಸಿಪಾಲರೇ ಎದ್ದು ಬಂದಾರು.

ಅಂಗಡಿಯಿಟ್ಟ ಮಿತ್ರರಲ್ಲಿಯೂ ಒಂದು ಕೋರಿಕೆ. ನಿಮ್ಮಲ್ಲಿ ಸಂಜೆ ಲೆಕ್ಕ ಬರೆಯುವ, ಪೊಟ್ಟಣ ಕಟ್ಟುವ ವಿದ್ಯಾರ್ಥಿಯನ್ನು ಎಂಟಕ್ಕೆ ಬಿಡುಗಡೆ ಮಾಡಿ. ಪರೀಕ್ಷೆಯ ತಿಂಗಳು ಕೂಲಿ ಹಿಡಿಯದೆ ಇನ್ನೂ ಬೇಗ ಬಿಡಿ. ಗಿರಣಿಯ ಬಂಧುಗಳಿಗೆ ಇನ್ನೊಂದು: ಮನೆಯ ಸಾಲವನ್ನು ಮಗನಿಂದ ಮುಚ್ಚಿಡಬೇಕಾಗಿಲ್ಲ, ಆದರೆ ಅದನ್ನೆಲ್ಲ ಅವನ ಅಂಕಪಟ್ಟಿಯ ಮೇಲೆ ಹೇರಬೇಡಿ. ನಪಾಸಾದ ವಿಷಯಕ್ಕೆ ಮತ್ತೆ ಕೂರಬಹುದು.

ಆ ಹೊಂಗನೂರಿನ ಹುಡುಗನನ್ನು ತಂದೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು; ನಾವು ಜೊತೆಗಿದ್ದೆವು. ಮದ್ದು ನಡೆಯುತ್ತಿದೆ. ಸಂಜೆಯ ಕೆಲಸ ಎರಡು ಗಂಟೆ ಕಡಿಮೆಯಾಗಿದೆ, ಅಷ್ಟರಮಟ್ಟಿಗೆ ಮನೆಯ ವರಮಾನವೂ ಕಡಿಮೆಯಾಗಿದೆ. ಎರಡು ವಿಷಯಗಳಲ್ಲಿ ಒಂದು ಪಾಸಾಗಿದೆ, ಇನ್ನೊಂದು ಬಾಕಿ. ಮೊನ್ನೆ ಅವರ ಮನೆಗೆ ಹೋದಾಗ ಹುಳು ಮೂರನೆಯ ಜ್ವರಕ್ಕೆ ಕೂತಿತ್ತು. ಒಳಗೆ ಹುಡುಗ ನಿದ್ದೆ ಮಾಡುತ್ತಿದ್ದ. ತಾಯಿ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಜಗಲಿಯಲ್ಲೇ ಕೂರಿಸಿದಳು.