ಹೊರಡುವ ಹಕ್ಕು, ಹೊರಡುವ ತ್ರಾಣ

2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ತನ್ನ ಹೆಸರಿನ ಡೇಟಾಬೇಸಿನ ಪರವಾನಗಿಯನ್ನು ಬದಲಾಯಿಸಿತು. ಅಲ್ಲಿಯವರೆಗೆ ಬಿಎಸ್‌ಡಿ ಪರವಾನಗಿಯಡಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಮಾರಬಹುದಾಗಿದ್ದ ತಂತ್ರಾಂಶ 7.4ನೇ ಆವೃತ್ತಿಯಿಂದಾಚೆಗೆ ಷರತ್ತಿನ ಸೊತ್ತಾಯಿತು. ಕೋಡ್ ಈಗಲೂ ಕಣ್ಣಿಗೆ ಕಾಣುತ್ತದೆ, ಓದಲೂ ಅಡ್ಡಿಯಿಲ್ಲ. ಆದರೆ ಅದನ್ನೇ ಕ್ಲೌಡ್ ಸೇವೆಯಾಗಿ ಮಾರುವವರಿಗೆ ಹಳೆಯ ಸ್ವಾತಂತ್ರ್ಯ ಉಳಿಯಲಿಲ್ಲ. ಅದಾದ ಎಂಟನೇ ದಿನ ಲಿನಕ್ಸ್ ಫೌಂಡೇಶನ್ ವ್ಯಾಲ್ಕೀ ಎಂಬ ಹೊಸ ಯೋಜನೆಯನ್ನು ಪ್ರಕಟಿಸಿತು. ರೆಡಿಸ್ 7.2.4 ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅದು ಹೊರಟಿತು. ಏಪ್ರಿಲ್ ನಡುವಿನ ಹೊತ್ತಿಗೆ ಬಳಕೆಗೆ ಸಿದ್ಧವಾದ ಮೊದಲ ಬಿಡುಗಡೆಯೂ ಬಂತು.

ಆ ಎಂಟು ದಿನಗಳನ್ನು ಮುಕ್ತ ತಂತ್ರಾಂಶದ ಗೆಲುವೆಂದು ಬಹಳ ಜನ ಕೊಂಡಾಡಿದರು. ಗೆಲುವು ಹೌದು. ಅದು ಪರವಾನಗಿಯೊಂದರಿಂದಲೇ ಬಂದ ಗೆಲುವೇ ಎಂಬುದು ನನ್ನ ಪ್ರಶ್ನೆ. ನಾನು ನಂಬಿರುವುದು ಇಷ್ಟು: ಪರವಾನಗಿ ನಮಗೆ ಹೊರಡುವ ಹಕ್ಕನ್ನು ಕೊಡುತ್ತದೆ. ಹೊರಡುವ ತ್ರಾಣ ಬೇರೆ ಕಡೆಯಿಂದ ಬರಬೇಕು, ಅದನ್ನು ಯಾರೋ ವರ್ಷಗಟ್ಟಲೆ ದುಡಿದು ಕೂಡಿಟ್ಟಿರಬೇಕು. ಬ್ಯಾಕ್‌ಎಂಡ್ ಕಟ್ಟುವ ನಾವು ಮೊದಲನೆಯದನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ, ಎರಡನೆಯದನ್ನು ವಿಚಾರಿಸುವುದೇ ಇಲ್ಲ.

ಡೇಟಾವನ್ನು ರ್‍ಯಾಮ್‌ನಲ್ಲೇ ಇಟ್ಟುಕೊಳ್ಳುವ ರೆಡಿಸ್‌ನಂಥ ಇನ್-ಮೆಮೊರಿ ಡೇಟಾಬೇಸುಗಳ ವಿಷಯದಲ್ಲಿ ಈ ಉದಾಸೀನ ಹೆಚ್ಚು ಅಪಾಯಕಾರಿ. ರ್‍ಯಾಮ್‌ನಿಂದ ಒಂದು ಮೌಲ್ಯವನ್ನು ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಗೂ ಅದರ ನೂರಾರು ಪಟ್ಟು ಹೊತ್ತು ಹಿಡಿಯುತ್ತದೆ. ಈ ಅಂತರವನ್ನು ಬಳಸಿಕೊಳ್ಳಲೆಂದೇ 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್ ತಾಣಕ್ಕಾಗಿ ಮೆಮ್‌ಕ್ಯಾಶ್‌ಡಿ ಬರೆದರು. ಅದರ ಕರಾರು ಸರಳವಾಗಿತ್ತು: ಒಂದು ಕೀಲಿ, ಒಂದು ಮೌಲ್ಯ, ಸರ್ವರ್ ನಿಂತರೆ ಎಲ್ಲವೂ ಹೋಯಿತು. ಕಳೆದುಕೊಂಡರೂ ನಡೆಯುವ ವಸ್ತುವನ್ನಷ್ಟೇ ಜನ ಅದರಲ್ಲಿ ಇಡುತ್ತಿದ್ದರು. ಹಾಗಾಗಿ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೂ ದೊಡ್ಡ ಮಾತಾಗಿರಲಿಲ್ಲ.

2009ರಲ್ಲಿ ಸಿಸಿಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ರೆಡಿಸ್ ಅನ್ನು ಹೊರತಂದಾಗ ಲೆಕ್ಕ ಬದಲಾಯಿತು. ವೆಬ್‌ಸೈಟುಗಳಿಗೆ ಬಂದುಹೋಗುವವರ ವಿವರವನ್ನು ಆ ಕ್ಷಣದಲ್ಲೇ ತೋರಿಸುವ ಸೇವೆಯೊಂದನ್ನು ಅವರು ನಡೆಸುತ್ತಿದ್ದರು. ಮೈಎಸ್‌ಕ್ಯೂಎಲ್ ಆ ವೇಗಕ್ಕೆ ಏಗುತ್ತಿರಲಿಲ್ಲ. ಅವರು ಬರೆದದ್ದು ಪಟ್ಟಿ, ಗಣ, ಹ್ಯಾಶ್, ಅಂಕದ ಪ್ರಕಾರ ತಾನೇ ಸಾಲಾಗಿ ನಿಲ್ಲುವ ಸಾರ್ಟೆಡ್ ಸೆಟ್ ಇವನ್ನೆಲ್ಲ ಸರ್ವರಿನೊಳಗೇ ಇಟ್ಟುಕೊಂಡ ಡೇಟಾಬೇಸ್. ಜೊತೆಗೆ ರ್‍ಯಾಮ್‌ನಲ್ಲಿರುವುದನ್ನು ಆಗಾಗ ಆರ್‌ಡಿಬಿ ಕಡತವಾಗಿ ಡಿಸ್ಕಿಗೆ ಇಳಿಸುವ ವ್ಯವಸ್ಥೆಯೂ ಇತ್ತು. ಕ್ಯಾಶ್ ಎಂದು ಒಳಗೆ ಬಂದ ರೆಡಿಸ್ ಕ್ರಮೇಣ ಲಾಗಿನ್ ಸೆಷನ್, ಓಟಿಪಿ, ಖರೀದಿಯ ಕಾರ್ಟ್, ಎಪಿಐ ಮಿತಿಯ ಎಣಿಕೆ, ಹಿನ್ನೆಲೆ ಕೆಲಸಗಳ ಕ್ಯೂ ಎಲ್ಲಕ್ಕೂ ಮನೆಯಾಯಿತು. ರೂಬಿ ಬರೆಯುವವರ ಸೈಡ್‌ಕಿಕ್ ನಿಂತಿರುವುದೇ ಇದರ ಮೇಲೆ. ಪೈಥಾನಿನವರ ಸೆಲರಿಗೂ ಇದು ತೀರ ಸಾಮಾನ್ಯವಾದ ಆಸರೆ. ಕ್ಯಾಶ್ ಅಳಿಸಿಹೋದರೆ ಪುಟ ಸ್ವಲ್ಪ ತಡವಾಗಿ ತೆರೆದುಕೊಳ್ಳುತ್ತದೆ, ಅಷ್ಟೆ. ಕ್ಯೂ ಕಳೆದುಹೋದರೆ ಯಾರದೋ ಟಿಕೆಟ್ ಬುಕ್ ಆಗುವುದಿಲ್ಲ, ಯಾರಿಗೋ ಹಣ ಮರಳುವುದಿಲ್ಲ. ತಾತ್ಕಾಲಿಕವೆಂದು ತಂದುಕೊಂಡ ವಸ್ತು ಹೀಗೆ ಬುನಾದಿಯೊಳಗೆ ಸೇರಿಹೋದಾಗ ಅದರ ಒಡೆತನ ಯಾರ ಕೈಯಲ್ಲಿದೆ ಎಂದು ಕೇಳಲೇಬೇಕಾಗುತ್ತದೆ.

ಹಾಗಾದರೆ ರೆಡಿಸ್‌ನಿಂದ ಇಷ್ಟು ಬೇಗ ಹೊರಡಲು ಹೇಗೆ ಸಾಧ್ಯವಾಯಿತು?

ಒಂದು ಕಾರಣ ಅದರ ಬರವಣಿಗೆಯಲ್ಲೇ ಇದೆ. ಸಿ ಭಾಷೆಯಲ್ಲಿ ಬರೆದ ಆ ಕೋಡ್ ಓದಲಿಕ್ಕೆಂದೇ ಬರೆದಂತಿದೆ; ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂಬ ಟಿಪ್ಪಣಿಗಳು ದಾರಿಯುದ್ದಕ್ಕೂ ಸಿಗುತ್ತವೆ. ಸರ್ವರಿನೊಡನೆ ಮಾತಾಡುವ ಪ್ರೋಟೊಕಾಲ್ ಇನ್ನೂ ಸರಳ. ಟೆಲ್‌ನೆಟ್ ತೆರೆದು ಕೈಯಾರೆ ಪಿಂಗ್ ಎಂದು ಟೈಪ್ ಮಾಡಿದರೆ ಪಾಂಗ್ ಎಂಬ ಉತ್ತರ ಓದಲು ಬರುವ ಅಕ್ಷರಗಳಲ್ಲೇ ಬರುತ್ತದೆ. ಈ ಸರಳತೆಯಿಂದಾಗಿ ಪೈಥಾನಿಗೆ ರೆಡಿಸ್-ಪೈ, ಜಾವಾಕ್ಕೆ ಜೆಡಿಸ್ ಮತ್ತು ಲೆಟಸ್, ನೋಡ್‌ಗೆ ಐಓರೆಡಿಸ್ ಎಂದು ಕ್ಲೈಂಟ್‌ಗಳು ಕಂಪನಿಯ ಹೊರಗಿನವರ ಕೈಯಲ್ಲೇ ಹುಟ್ಟಿ ಬೆಳೆದವು.

ಸಮ್ಮೇಳನಗಳ ವೇದಿಕೆಯಲ್ಲಿ ಹೆಸರು ಕೇಳಿಬರದ ಸಣ್ಣ ಪರಿಕರಗಳ ಪಾಲು ಇದರಲ್ಲಿ ನಾವು ಎಣಿಸುವುದಕ್ಕಿಂತ ದೊಡ್ಡದು. ಬೆಂಗಳೂರಿನ ಹ್ಯಾಶ್ಡ್‌ಇನ್ ಕಂಪನಿಯಲ್ಲಿದ್ದ ಶ್ರೀಪತಿ ಕೃಷ್ಣನ್ ಬರೆದ ರೆಡಿಸ್-ಆರ್‌ಡಿಬಿ-ಟೂಲ್ಸ್ ಅಂಥದ್ದು. ಸರ್ವರಿಗೆ ತೊಂದರೆ ಕೊಡದೆ ಆರ್‌ಡಿಬಿ ಕಡತವನ್ನು ಬಿಡಿಸಿ ಓದಿ, ಯಾವ ಕೀಲಿ ಎಷ್ಟು ರ್‍ಯಾಮ್ ನುಂಗಿದೆ ಎಂಬ ಪಟ್ಟಿಯನ್ನು ಅದು ಕೈಗಿಡುತ್ತಿತ್ತು. ಅದನ್ನು ಬರೆಯುವ ಸಲುವಾಗಿ ಅವರು ಆ ಕಡತದ ಬೈಟ್‌ಗಳ ಜೋಡಣೆಯನ್ನೂ ವಿವರಿಸಿ ಬರೆದಿಟ್ಟರು. ನಮ್ಮ ಡೇಟಾ ಯಾವ ರೂಪದಲ್ಲಿ ಡಿಸ್ಕಿನಲ್ಲಿ ಮಲಗಿದೆ ಎಂಬ ತಿಳಿವಳಿಕೆ ಆಗ ಕೋಡ್ ಬರೆದವರ ತಲೆಯಿಂದ ಹೊರಬಂದು ಎಲ್ಲರದ್ದಾಯಿತು. ಅಲಿಬಾಬಾದವರು ಹೊರತಂದ ರೆಡಿಸ್-ಶೇಕ್ ಒಂದು ಸರ್ವರಿನ ಡೇಟಾವನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸ ಮಾಡುತ್ತದೆ. ಪ್ರೊಮೀಥಿಯಸ್‌ಗೆ ಅಂಕಿಅಂಶ ಒದಗಿಸುವ ಎಕ್ಸ್‌ಪೋರ್ಟರ್ ರೆಡಿಸ್ ಇರಲಿ, ವ್ಯಾಲ್ಕೀ ಇರಲಿ, ಎರಡರ ನಾಡಿಯನ್ನೂ ಹಿಡಿದು ನೋಡುತ್ತದೆ. ಹೊರಡಬೇಕಾದ ದಿನ ಕೈಗೆ ಬೇಕಾಗುವುದು ಇಂಥವೇ.

ಇನ್ನೊಂದು ಕಾರಣ ಮನುಷ್ಯರದ್ದು, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. 2020ರ ಜೂನ್ ಕೊನೆಗೆ ಸಾನ್‌ಫಿಲಿಪ್ಪೊ ಯೋಜನೆಯ ಹೊಣೆಯಿಂದ ಕೆಳಗಿಳಿದರು. ಆಮೇಲೆ ಅದನ್ನು ನೋಡಿಕೊಳ್ಳಲು ಏರ್ಪಟ್ಟ ಐವರ ತಂಡದಲ್ಲಿ ಕಂಪನಿಯ ಮೂವರ ಜೊತೆ ಅಮೆಜಾನ್‌ನ ಮ್ಯಾಡೆಲಿನ್ ಓಲ್ಸನ್ ಮತ್ತು ಅಲಿಬಾಬಾದ ಝಾವೊ ಝಾವೊ ಇದ್ದರು. ಅಂದರೆ 2024ರಲ್ಲಿ ಪರವಾನಗಿ ಬದಲಾದಾಗ ಆ ಕೋಡಿನ ಒಳಹೊರಗನ್ನು ಬಲ್ಲವರು ಒಂದೇ ಸಂಬಳದ ಪಟ್ಟಿಯಲ್ಲಿ ಇರಲಿಲ್ಲ. ವ್ಯಾಲ್ಕೀ ಶುರುಮಾಡಿದವರು ಅಪರಿಚಿತರ ಕೋಡನ್ನು ಮೊದಲ ಸಲ ಬಿಡಿಸುತ್ತಿರಲಿಲ್ಲ, ತಾವೇ ವರ್ಷಗಳಿಂದ ತಿದ್ದುತ್ತಿದ್ದುದನ್ನು ಮುಂದುವರಿಸಿದರು. ಹುಡುಕಾಟದ ತಂತ್ರಾಂಶವಾದ ಇಲಾಸ್ಟಿಕ್‌ಸರ್ಚ್‌ನ ಕತೆಯನ್ನು ಪಕ್ಕಕ್ಕಿಟ್ಟು ನೋಡಿ. 2021ರ ಜನವರಿಯಲ್ಲಿ ಅದರ ಪರವಾನಗಿ ಬದಲಾಯಿತು; ಅಮೆಜಾನ್ ಅದರಿಂದ ಕವಲೊಡೆಸಿದ ಓಪನ್‌ಸರ್ಚ್‌ನ 1.0 ಆವೃತ್ತಿ ಹೊರಬರಲು ಜುಲೈ ಆಯಿತು. ಅಲ್ಲೂ ಹಳೆಯ ಕೋಡಿನ ಮೇಲೆ ಮುಕ್ತ ಪರವಾನಗಿಯ ಹಕ್ಕು ಪೂರ್ತಿಯಾಗಿಯೇ ಇತ್ತು. ಆದರೆ ಕೋಡ್ ದೊಡ್ಡದು, ಅದನ್ನು ಬಲ್ಲವರು ಬಹುಪಾಲು ಒಂದೇ ಕಂಪನಿಯಲ್ಲಿದ್ದರು, ಅದರ ಜೊತೆ ಹೆಣೆದುಕೊಂಡಿದ್ದ ಮುಕ್ತವಲ್ಲದ ಭಾಗಗಳನ್ನು ಬಿಡಿಸಿ ತೆಗೆಯಬೇಕಿತ್ತು.

ಪರವಾನಗಿ ಬದಲಿಸಿದ ರೆಡಿಸ್ ಕಂಪನಿಗೂ ಒಂದು ದೂರಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಸಾನ್‌ಫಿಲಿಪ್ಪೊ ಅವರಿಗೆ, ಅವರ ನಂತರ ಬಂದವರಲ್ಲಿ ಹೆಚ್ಚಿನವರಿಗೆ ಸಂಬಳ ಕೊಟ್ಟು ಕೆಲಸ ಮುಂದುವರಿಸಿದ್ದು ಆ ಕಂಪನಿ. ದೊಡ್ಡ ಕ್ಲೌಡ್ ಕಂಪನಿಗಳು ಅದೇ ಕೋಡನ್ನು ಸೇವೆಯಾಗಿ ಮಾರಿ ಲಾಭ ಮಾಡಿಕೊಂಡದ್ದೂ ನಿಜ. ಬಿಎಸ್‌ಡಿ ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ, ಮುಂದಿನ ಆವೃತ್ತಿಯನ್ನು ಮುಚ್ಚುವುದಕ್ಕೂ ಕೊಡುತ್ತದೆ. ಕಾನೂನಿನ ಕಣ್ಣಿನಲ್ಲಿ ಎರಡೂ ಸರಿ. ಆದರೆ 2018ರಲ್ಲಿ ಕೆಲವು ಮಾಡ್ಯೂಲ್‌ಗಳ ಪರವಾನಗಿ ಬಿಗಿಯಾದಾಗ, ರೆಡಿಸ್‌ನ ತಿರುಳು ಬಿಎಸ್‌ಡಿಯಲ್ಲೇ ಉಳಿಯುತ್ತದೆ ಎಂದು ಸಾನ್‌ಫಿಲಿಪ್ಪೊ ಬಹಿರಂಗವಾಗಿ ಬರೆದಿದ್ದರು. ಆ ಮಾತನ್ನು ನಂಬಿ ಪ್ಯಾಚ್ ಕಳಿಸಿದವರಿದ್ದಾರೆ, ರಾತ್ರಿ ಕೂತು ದೋಷ ಹುಡುಕಿಕೊಟ್ಟವರಿದ್ದಾರೆ. ಅವರಿಗೆ ಆದದ್ದು ಅನ್ಯಾಯವೆಂದೇ ನಾನು ಹೇಳುತ್ತೇನೆ. 2024ರ ಕೊನೆಗೆ ಸಾನ್‌ಫಿಲಿಪ್ಪೊ ಕಂಪನಿಗೆ ಮರಳಿದರು. 2025ರ ಮೇ ತಿಂಗಳಲ್ಲಿ ಬಂದ ರೆಡಿಸ್ 8ಕ್ಕೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯೂ ಸೇರಿತು. ಇದು ಮನಸಾರೆ ಸ್ವಾಗತಿಸಬೇಕಾದ ಹೆಜ್ಜೆ. ಹೋಗಲು ಬೇರೆ ಜಾಗವಿದೆ ಎಂದು ಬಳಕೆದಾರರಿಗೆ ಗೊತ್ತಾದ ಮೇಲೆ ಇಟ್ಟ ಹೆಜ್ಜೆ ಎಂಬುದನ್ನೂ ಮರೆಯಬಾರದು.

ಎದುರು ವಾದವೊಂದಿದೆ, ಅದರಲ್ಲಿ ಹುರುಳೂ ಇದೆ. ವ್ಯಾಲ್ಕೀಯ ಬೆನ್ನಿಗೆ ನಿಂತವರು ಅಮೆಜಾನ್, ಗೂಗಲ್ ಕ್ಲೌಡ್, ಒರಾಕಲ್‌ನಂಥ ದೈತ್ಯರು; ಒಂದು ಕಂಪನಿಯ ಹಿಡಿತ ತಪ್ಪಿಸಿಕೊಂಡು ಇನ್ನೂ ದೊಡ್ಡವರ ಅಂಗಳಕ್ಕೆ ಬಂದಂತಾಯಿತಲ್ಲ ಎಂದು ಕೇಳುವವರಿದ್ದಾರೆ. ಈ ದೈತ್ಯರು ಧರ್ಮಕ್ಕೆ ಬಂದವರಲ್ಲ, ಒಪ್ಪುತ್ತೇನೆ. ಆದರೂ ಪರಸ್ಪರ ಪೈಪೋಟಿಯಲ್ಲಿರುವ ಹಲವರ ಕೈಯಲ್ಲಿರುವ ಕೋಡನ್ನು ಒಬ್ಬರೇ ರಾತ್ರೋರಾತ್ರಿ ಮುಚ್ಚುವುದು ಕಷ್ಟ. ಅಷ್ಟರಮಟ್ಟಿಗೆ ಇದು ಹಿಂದಿನದಕ್ಕಿಂತ ಭದ್ರ. ಸಣ್ಣ ಬಳಕೆದಾರನಿಗೆ ಅಲ್ಲಿ ತಾನಾಗಿ ಜಾಗ ಸಿಗುವುದಿಲ್ಲ, ಕೆಲಸ ಮಾಡಿಯೇ ಪಡೆಯಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಪರವಾನಗಿಯ ಒಂದಕ್ಷರವೂ ಬದಲಾಗದೆ ತ್ರಾಣ ಕುಗ್ಗುತ್ತದೆ. ಹೊರಗಿನವರು ಬೆಳೆಸಿದ ರೆಡಿಸ್-ಪೈ, ಜೆಡಿಸ್‌ನಂಥ ಕ್ಲೈಂಟ್‌ಗಳು ವರ್ಷಗಳ ಅವಧಿಯಲ್ಲಿ ಕಂಪನಿಯ ಸುಪರ್ದಿಗೆ ಹೋದವು. ಅವುಗಳ ಎಂಐಟಿ ಪರವಾನಗಿ ಹಾಗೆಯೇ ಇದೆ, ನೋಡಿಕೊಳ್ಳುವ ಕೈಗಳು ಮಾತ್ರ ಬೇರೆಯಾದವು. ಬೆಂಗಳೂರಿನ ಆ ಆರ್‌ಡಿಬಿ ಪರಿಕರವೂ ಹೊಸ ಆವೃತ್ತಿಗಳ ಓಟಕ್ಕೆ ಜೊತೆಯಾಗಲಿಲ್ಲ. ಅದನ್ನು ದಿನಬೆಳಗಾದರೆ ಬಳಸಿದವರಲ್ಲಿ ಮುಂದುವರಿಸಲು ಎಷ್ಟು ಜನ ಮುಂದೆ ಬಂದರು? ಡೇಟಾದ ರೂಪವೂ ಕವಲೊಡೆಯಿತು. ರೆಡಿಸ್ 7.2ರ ಆರ್‌ಡಿಬಿ ಕಡತವನ್ನು ವ್ಯಾಲ್ಕೀ ಸಲೀಸಾಗಿ ಓದಿಕೊಂಡಿತು. 7.4ರ ಕಡತವನ್ನು ವ್ಯಾಲ್ಕೀ 8 ಓದುವುದಿಲ್ಲ. ಬೇಗ ಹೊರಟವರಿಗೆ ಕಡತ ನಕಲು ಮಾಡಿದರೆ ಮುಗಿದುಹೋಗುತ್ತಿದ್ದ ಕೆಲಸ, ತಡಮಾಡಿದವರಿಗೆ ಒಂದು ವಲಸೆ ಯೋಜನೆಯೇ ಆಯಿತು. ರೆಡಿಸರ್ಚ್, ರೆಡಿಸ್‌ಜೇಸನ್ ಮಾಡ್ಯೂಲ್‌ಗಳ ಮೇಲೆ ತಮ್ಮ ಉತ್ಪನ್ನ ಕಟ್ಟಿದವರನ್ನು ಆ ಎಂಟು ದಿನಗಳು ಕಾಪಾಡಲೇ ಇಲ್ಲ, ಏಕೆಂದರೆ ಅವು 7.2.4ರ ಮುಕ್ತ ಕೋಡಿನ ಹೊರಗಿದ್ದವು. ಅಂಥ ಕೆಲಸಕ್ಕೆ ವ್ಯಾಲ್ಕೀಯ ಸ್ವಂತ ಮಾಡ್ಯೂಲ್‌ಗಳು ಬರಲು 2025ರವರೆಗೆ ಕಾಯಬೇಕಾಯಿತು.

ಆದ್ದರಿಂದ ತಂಡಗಳಿಗೆ ನಾನು ಒತ್ತಿ ಹೇಳುವುದು ಪರೀಕ್ಷೆಯ ಮಾತು. ನಿಮ್ಮ ಅಪ್ಲಿಕೇಶನ್ನಿನ ಟೆಸ್ಟ್‌ಗಳು ಪ್ರತಿ ಬಾರಿ ರೆಡಿಸ್ ಮೇಲೂ ವ್ಯಾಲ್ಕೀ ಮೇಲೂ ಓಡಲಿ. ಡಾಕರ್‌ನಲ್ಲಿ ಇನ್ನೊಂದು ಇಮೇಜ್ ಸೇರಿಸಿದರೆ ಆಗುವ ಕೆಲಸ ಅದು. ಎರಡರಲ್ಲಿ ಒಂದು ಕಡೆ ಬೀಳುವ ಟೆಸ್ಟ್, ನೀವು ಎಲ್ಲಿ ಕಟ್ಟುಬಿದ್ದಿದ್ದೀರಿ ಎಂಬುದನ್ನು ಯಾವ ವಕೀಲರಿಗಿಂತ ಸ್ಪಷ್ಟವಾಗಿ ಹೇಳುತ್ತದೆ. ಒಮ್ಮೆಯಾದರೂ ಒಂದು ಸರ್ವರಿನ ಡೇಟಾವನ್ನು ಇನ್ನೊಂದಕ್ಕೆ ಸಾಗಿಸಿ, ಎಷ್ಟು ಹೊತ್ತಾಯಿತು, ಏನು ಬಿಟ್ಟುಹೋಯಿತು ಎಂದು ಬರೆದಿಡಿ.

ಇದಕ್ಕಿಂತ ಮುಖ್ಯವಾದದ್ದು ಕೋಡಿನ ಓದು. ಬೆಂಗಳೂರಿನಲ್ಲಿ ಈ ಡೇಟಾಬೇಸನ್ನು ದಿನವೂ ಬಳಸುವವರಿಗೆ ಲೆಕ್ಕವಿಲ್ಲ. ಲಕ್ಷಾಂತರ ಕೀಲಿಗಳಿರುವ ಸರ್ವರಿನ ಮೇಲೆ ಕೀಸ್ ಆಜ್ಞೆ ಓಡಿಸಬಾರದು, ಸ್ಕ್ಯಾನ್ ಬಳಸಬೇಕು ಎಂಬುದು ಅವರೆಲ್ಲರಿಗೂ ಬಾಯಿಪಾಠ. ಆಜ್ಞೆಗಳೆಲ್ಲ ಒಂದೇ ಥ್ರೆಡ್‌ನಲ್ಲಿ ಒಂದರ ಹಿಂದೊಂದು ನಡೆಯುತ್ತವೆ, ಒಂದು ಉದ್ದದ ಆಜ್ಞೆ ಉಳಿದವರನ್ನೆಲ್ಲ ತಡೆದು ನಿಲ್ಲಿಸುತ್ತದೆ ಎಂಬುದನ್ನು ಕೋಡ್ ತೆರೆದು ಕಂಡುಕೊಂಡವರು ಕಡಿಮೆ. ಹಣದ ಕಡೆಯಿಂದ ಇಲ್ಲಿ ಒಳ್ಳೆಯ ಆರಂಭಗಳಾಗಿವೆ: ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಪ್ರಕಟಿಸಿತು, ಫಾಸ್ ಯುನೈಟೆಡ್ ಇಂಥ ಕೆಲಸ ಮಾಡುವವರನ್ನು ಒಂದೆಡೆ ಸೇರಿಸುತ್ತಿದೆ. ಆದರೆ ಕಂಪನಿಗಳು ಹಣದ ಜೊತೆ ಕೊಡಬೇಕಾದದ್ದು ತಮ್ಮ ಎಂಜಿನಿಯರುಗಳ ಕೆಲಸದ ಹೊತ್ತು. ಸ್ಪ್ರಿಂಟ್‌ನ ಲೆಕ್ಕದಲ್ಲೇ ಆ ಹೊತ್ತು ಸೇರಬೇಕು, ಭಾನುವಾರದ ಬಿಡುವಿನಿಂದ ಕದ್ದದ್ದಾಗಬಾರದು. ವ್ಯಾಲ್ಕೀಯ ದೋಷಗಳ ಪಟ್ಟಿಯಲ್ಲಿ ಹೊಸಬರಿಗೆಂದೇ ಗುರುತು ಹಾಕಿಟ್ಟ ಸಣ್ಣ ಕೆಲಸಗಳಿವೆ. ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಕೋಡ್ ಓದಿ, ಪ್ಯಾಚ್ ಕಳಿಸಿ, ಬಂದ ಟೀಕೆಗೆ ತಕ್ಕಂತೆ ತಿದ್ದಿದ ಎಂಜಿನಿಯರ್ ತನ್ನ ಕಂಪನಿಗೆ ಮರಳುವಾಗ, ಆ ಡೇಟಾಬೇಸ್ ನಾಳೆ ಯಾರ ಕೈಗೆ ಹೋದರೂ ತಾನು ಅದನ್ನು ನಡೆಸಬಲ್ಲೆ ಎಂಬ ತಿಳಿವಳಿಕೆಯನ್ನು ತಂದಿರುತ್ತಾಳೆ.