ಸಣ್ಣ ಕೈಗಾರಿಕೆಗಳ ಬಾಕಿ: ನೋಂದಣಿಯಷ್ಟೇ ಸಾಲದು

ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯ್ದೆಯೇ ವಿಧಿಸಿದೆ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರಿತ್ತು ಮರುದಿನ ಆರ್ಡರ್ ನಿರೀಕ್ಷಿಸುವವರಾರು? ತನ್ನ ಹಣವೇ ಕೈಸೇರದವನಿಗೆ ಮತ್ತಷ್ಟು ಸಾಲ ನೀಡುವುದನ್ನು ಕೈಗಾರಿಕಾ ನೀತಿಯೆನ್ನಲಾಗದು.

ಟ್ರೆಡ್ಸ್ ವ್ಯವಸ್ಥೆಯಲ್ಲಿ ಖರೀದಿದಾರ ಬಿಲ್ಲನ್ನು ಒಪ್ಪಿದೊಡನೆ ಬ್ಯಾಂಕುಗಳು ಪೈಪೋಟಿಯ ದರದಲ್ಲಿ ಅದನ್ನು ವಟಾಯಿಸುತ್ತವೆ. ವಸೂಲಿಯ ಹೊಣೆ ಅವುಗಳದೇ. 250 ಕೋಟಿ ರೂ. ಮೀರಿದ ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರವು 2024ರ ನವೆಂಬರ್‌ನಲ್ಲಿ ಆದೇಶಿಸಿತು. ನೋಂದಣಿ ಸರಿ, ಬಿಲ್ಲು ಒಪ್ಪುವ ಗಡುವೆಲ್ಲಿ? 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಸರಕು ಸ್ವೀಕೃತವೆಂದೇ 2006ರ ಕಾಯ್ದೆ ಪರಿಗಣಿಸುತ್ತದೆ. ಈ ತತ್ತ್ವವನ್ನು ಬಿಲ್ಲಿಗೂ ವಿಸ್ತರಿಸುವಂತೆ ನಮ್ಮ ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಬೇಕು.