ಅಂಕದ ಗುರಿ, ಅಭ್ಯಾಸದ ದಾರಿ

ಮೈಸೂರಿನ ಗೋಕುಲಂ ಬಡಾವಣೆಯ ಯೋಗಶಾಲೆಗಳಲ್ಲಿ ಬೆಳಗಿನ ಜಾವ ಒಂದೇ ಹಜಾರದಲ್ಲಿ ಹತ್ತಾರು ಮಂದಿ ಚಾಪೆ ಹಾಸಿರುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಒಬ್ಬರು ಸೂರ್ಯನಮಸ್ಕಾರದಲ್ಲಿದ್ದರೆ ಪಕ್ಕದವರು ಬೆನ್ನು ಬಾಗಿಸುತ್ತಿರುತ್ತಾರೆ. ಮರೀಚ್ಯಾಸನದ ನಾಲ್ಕನೇ ಬಗೆ ಅನೇಕರಿಗೆ ಕಬ್ಬಿಣದ ಕಡಲೆ. ಒಂದು ಕಾಲನ್ನು ಅರ್ಧ ಪದ್ಮದಲ್ಲಿ ಮಡಚಿ, ಇನ್ನೊಂದು ಮಂಡಿಯನ್ನು ಎತ್ತಿ ನಿಲ್ಲಿಸಿ, ಸೊಂಟ ತಿರುಚಿ, ಆ ಮಂಡಿಯನ್ನು ಬಳಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕೂಡಿಸಬೇಕು. ಬೆರಳಿಗೆ ಬೆರಳು ಸಿಗದಿದ್ದರೆ ಸಾಮಾನ್ಯವಾಗಿ ಅಂದಿನ ಪಾಠ ಅಲ್ಲಿಗೇ ನಿಲ್ಲುತ್ತದೆ. ಮರುದಿನ ಮತ್ತೆ ಮೊದಲಿಂದ. ಕೆ. ಪಟ್ಟಾಭಿ ಜೋಯಿಸ್ ಅವರಿಂದ ಹೊರದೇಶಗಳಿಗೆ ಹರಡಿದ ಈ ಕ್ರಮವನ್ನು ಲಂಡನ್, ನ್ಯೂಯಾರ್ಕ್‌ಗಳಲ್ಲೂ ‘ಮೈಸೂರು ಸ್ಟೈಲ್’ ಎಂದೇ ಕರೆಯುತ್ತಾರೆ.

ಅಲ್ಲಿ ಗುರಿ ಇಲ್ಲವೆಂದಲ್ಲ. ಮುಂದಿನ ಆಸನ ಯಾವುದೆಂದು ಎಲ್ಲರಿಗೂ ಗೊತ್ತು. ಅದು ಇಂಥ ತಾರೀಖಿನೊಳಗೆ ಕೈಗೂಡಲೇಬೇಕೆಂಬ ಹಟವಿಲ್ಲ, ಅಷ್ಟೆ.

ನಮ್ಮ ಮನೆ, ಶಾಲೆ, ಕಚೇರಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600 ದಾಟಬೇಕು, ನೀಟ್‌ನಲ್ಲಿ ಇಂತಿಷ್ಟರೊಳಗೆ ರ‍್ಯಾಂಕ್ ಬರಬೇಕು, ತಿಂಗಳೊಳಗೆ ಐದು ಕಿಲೋ ಇಳಿಯಬೇಕು. ಗೋಡೆಗೆ ಅಂಟಿಸುವುದು ಸಂಖ್ಯೆಯನ್ನು. ಇವತ್ತು ಸಂಜೆ ಆರರಿಂದ ಏಳರವರೆಗೆ ಏನು ಮಾಡಬೇಕು ಎಂಬುದು ಯಾವ ಗೋಡೆಯ ಮೇಲೂ ಇರುವುದಿಲ್ಲ. ಸಂಖ್ಯೆ ತಪ್ಪಿದ ದಿನ ಮಗುವಿಗೆ ಉಳಿಯುವುದು ತಾನು ಸೋತೆನೆಂಬ ಭಾವ ಮಾತ್ರ. ಎಲ್ಲಿ ತಪ್ಪಿತು, ಯಾವುದನ್ನು ಸರಿಪಡಿಸಬೇಕು ಎಂಬ ಸುಳಿವು ಆ ಸಂಖ್ಯೆಯಲ್ಲಿ ಸಿಗುವುದಿಲ್ಲ.

ಪತಂಜಲಿಯ ಯೋಗಸೂತ್ರ ಮೊದಲ ಪಾದದಲ್ಲೇ ಈ ವಿಷಯಕ್ಕೆ ಕೈಹಾಕುತ್ತದೆ. ಅಭ್ಯಾಸ ಬೇರೂರಲು ಅದು ಹೇಳುವ ಷರತ್ತುಗಳು ಮೂರು: ಬಹುಕಾಲ ಮಾಡಬೇಕು, ಎಡೆಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಮೂರೂ ಮಾಡುವವರ ಕೈಯಲ್ಲೇ ಇವೆ. ರ‍್ಯಾಂಕ್ ಹಾಗಲ್ಲ. ಪ್ರಶ್ನೆಪತ್ರಿಕೆ ಹೇಗಿರುತ್ತದೆ, ಉಳಿದ ಲಕ್ಷಾಂತರ ಮಂದಿ ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಅಭ್ಯಾಸದ ಜೊತೆಗೇ ಸೂತ್ರಕಾರ ವೈರಾಗ್ಯವನ್ನೂ ಇಟ್ಟಿದ್ದಾನೆ. ಬಂದದ್ದು ತಲೆಗೇರದಂತೆ, ಬಾರದ್ದು ಕೈಕಾಲು ಕಟ್ಟದಂತೆ ಕಾಯುವುದು ಅದರ ಕೆಲಸ.

ಇಂದಿನ ಸಂಶೋಧನೆಯೂ ಇದಕ್ಕೆ ದೂರವಾಗಿಲ್ಲ. 21 ದಿನದಲ್ಲಿ ಯಾವ ಅಭ್ಯಾಸವಾದರೂ ಮೈಗೂಡುತ್ತದೆಂಬ ಮಾತು ಎಲ್ಲೆಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸರಾಸರಿ 66 ದಿನ ಬೇಕು. ವ್ಯಕ್ತಿ ಮತ್ತು ಕೆಲಸಕ್ಕೆ ತಕ್ಕಂತೆ ಇದು 18ರಿಂದ 254 ದಿನಗಳವರೆಗೂ ಹೋಗಬಹುದೆಂಬುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೂ ಅಲ್ಲಿ ಕಂಡುಬಂತು. ಜನವರಿ ಮೊದಲ ವಾರ ಓಡಿ, ಎರಡನೇ ವಾರ ಒಂದು ದಿನ ಮಲಗಿ, ಅಷ್ಟಕ್ಕೇ ಶೂಗಳನ್ನು ಮೂಲೆಗೆ ತಳ್ಳುವವರು ಇದನ್ನು ಗಮನಿಸಬೇಕು.

ಇದೆಲ್ಲ ಮಹತ್ವಾಕಾಂಕ್ಷೆಯನ್ನು ಕೊಲ್ಲುವ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿಯಿಂದ ಕೆಲಸ ಸುಧಾರಿಸುತ್ತದೆಂದು ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು ದಶಕಗಳ ಸಂಶೋಧನೆಯಿಂದ ತೋರಿಸಿದ್ದಾರೆ. ಗುರಿಯನ್ನು ಬಿಡಬೇಕಾಗಿಲ್ಲ. ವೈರಾಗ್ಯವಿದ್ದರೆ ದೊಡ್ಡ ಕೆಲಸ ಆಗುವುದಿಲ್ಲ ಎಂಬ ಶಂಕೆಗೆ ಮಾತ್ರ ಕನ್ನಡನಾಡಿನಲ್ಲೇ ಉತ್ತರವಿದೆ.

ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಊರೂರನ್ನೇ ನುಂಗುತ್ತಿದ್ದ ಹೊತ್ತಿನಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಅವರನ್ನು ಹಿಂಡಿದವು. 1934ರಲ್ಲಿ ಮೈಸೂರಿನ ಭಾವ, ಯೋಗಗುರು ಟಿ. ಕೃಷ್ಣಮಾಚಾರ್ಯರ ಮನೆಗೆ ಬಂದಾಗ ಆ ಹುಡುಗನ ಮೈಯಲ್ಲಿ ಬಲವಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯುತ್ತಿದ್ದ ಯೋಗಶಾಲೆಯಲ್ಲಿ ಪಳಗಿ, 1937ರಲ್ಲಿ ಕಲಿಸಲೆಂದು ಪುಣೆಗೆ ಹೋದರು. 1966ರಲ್ಲಿ ಬಂದ ‘ಲೈಟ್ ಆನ್ ಯೋಗ’ ಅವರನ್ನು ಜಗತ್ತಿಗೆ ಪರಿಚಯಿಸಿತು. 1979ರಲ್ಲಿ ಸ್ಕೂಟರ್ ಅಪಘಾತ ದೇಹವನ್ನು ಮತ್ತೆ ಕೆಡವಿದಾಗ ಅವರಿಗೆ ವಯಸ್ಸು ಅರವತ್ತು. ದಶಕಗಳಿಂದ ಸಲೀಸಾಗಿದ್ದ ಆಸನಗಳನ್ನು ಹೊಸಬರಂತೆ ಮೊದಲಿಂದ ಕಟ್ಟಿಕೊಂಡು ಬಂದರು. 2014ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಇಳಿವಯಸ್ಸಿನಲ್ಲೂ ಅವರ ಅಭ್ಯಾಸ ನಡೆದೇ ಇತ್ತು. ಕಳೆದುಕೊಂಡದ್ದಕ್ಕೆ ಅಂಟಿಕೊಂಡು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಪಾಠ ಗುರಿ ಇಡುವುದಕ್ಕೂ ಮೊದಲಿನದು. ಅಷ್ಟಾಂಗಯೋಗ ಶುರುವಾಗುವುದು ಆಸನದಿಂದಲ್ಲ, ಅಹಿಂಸೆ, ಸತ್ಯ, ಅಸ್ತೇಯಗಳಿರುವ ಯಮದಿಂದ. ಈ ಜರಡಿಯಲ್ಲಿ ಸೋಸದ ಗುರಿ ಏನು ಮಾಡೀತು ಎಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಸಾಕ್ಷಿ. ಮಾರಾಟದ ಟಾರ್ಗೆಟ್ ಮುಟ್ಟಲು ಅಲ್ಲಿನ ನೌಕರರು ಗ್ರಾಹಕರ ಒಪ್ಪಿಗೆಯಿಲ್ಲದೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕ್ 18.5 ಕೋಟಿ ಡಾಲರ್ ದಂಡ ತೆರಬೇಕಾಯಿತು, ಅಷ್ಟರಲ್ಲಿ ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು. ಯೋಗದಿನದಂದು ನೌಕರರಿಗೆ ಪ್ರಾಣಾಯಾಮ ಹೇಳಿಕೊಡುವ ಕಂಪನಿಗಳು ತಮ್ಮ ಟಾರ್ಗೆಟ್ ಪಟ್ಟಿಯನ್ನೂ ಸತ್ಯ, ಅಸ್ತೇಯಗಳ ಎದುರು ಹಿಡಿದು ನೋಡಬೇಕು.

ಅಂಕದ ಜೊತೆಗೆ ದಿನದ ಅಭ್ಯಾಸವನ್ನೂ ನೋಡುವ ಕ್ರಮವನ್ನು ಶಾಲೆಗಳಲ್ಲಿ ನಾಳೆಯಿಂದಲೇ ಶುರುಮಾಡಬಹುದು. ಸಾಧನೆಯ ದಾರಿಯಲ್ಲಿ ಎದುರಾಗುವ ಒಂಬತ್ತು ಅಡ್ಡಿಗಳನ್ನು ಯೋಗಸೂತ್ರ ಪಟ್ಟಿ ಮಾಡುತ್ತದೆ. ಕಾಯಿಲೆ, ಸಂಶಯ, ಆಲಸ್ಯಗಳು ಅದರಲ್ಲಿವೆ. ಮುಂದಿನ ಮೆಟ್ಟಿಲು ಸಿಗದಿರುವುದು, ಸಿಕ್ಕ ಮೆಟ್ಟಿಲಲ್ಲಿ ನಿಲ್ಲಲಾಗದಿರುವುದು ಕೊನೆಯ ಎರಡು. ಗಣಿತದಲ್ಲಿ ಅಂಕ ಕಡಿಮೆಯಾದ ಹುಡುಗಿಗೆ ಇವುಗಳಲ್ಲಿ ಯಾವುದು ಅಡ್ಡ ಬಂತು? ಭಿನ್ನರಾಶಿಯೇ ಗಟ್ಟಿಯಾಗದೆ ಬೀಜಗಣಿತಕ್ಕೆ ಹೋದಳೇ, ಕಲಿತದ್ದನ್ನು ಮತ್ತೆ ಮಾಡಲು ಸಮಯವೇ ಸಿಗಲಿಲ್ಲವೇ, ಮೈಯಲ್ಲಿ ಹುಷಾರಿರಲಿಲ್ಲವೇ? ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೊಡುವ ಮುನ್ನ ಶಿಕ್ಷಕರು ಮತ್ತು ತಂದೆತಾಯಿ ಈ ಪ್ರಶ್ನೆಗಳಿಗೆ ಹತ್ತು ನಿಮಿಷ ಕೊಡಲಿ, ಮುಂದಿನ ಸಭೆಯವರೆಗೆ ಅವಳು ದಿನವೂ ಏನು ಮಾಡಬೇಕೆಂಬುದನ್ನು ಅವಳೊಂದಿಗೇ ಕೂತು ಬರೆಯಲಿ.